ಅಕ್ಕನ ಹಲಗೆ ನೋಡಲು ದೆಹಲಿಗೆ

ನಿಜಾಮುದ್ದೀನ್, ಬೆಳಗೋ ಮಧ್ಯಾಹ್ನವೋ

ರೈಲಿನಿಂದ ಇಳಿದಾಗ ಬೆಳಗಾಗಿತ್ತು ಎಂದು ನನ್ನ ನೋಟುಪುಸ್ತಕದಲ್ಲಿದೆ. ರೈಲು ತಡವಾಗಿ ನಾನು ಇಳಿದದ್ದು ಮಧ್ಯಾಹ್ನ ಎನ್ನುತ್ತಾಳೆ ಅಕ್ಕ. ನೋಟುಪುಸ್ತಕ ಬರೆದದ್ದು ಊರಿಗೆ ಮರಳಿದ ಮೇಲೆ. ಹಾಗಾಗಿ ಅಕ್ಕನ ಮಾತೇ ನಿಜವಿರಬೇಕು. ನವೆಂಬರಿನ ದೆಹಲಿಯಲ್ಲಿ ಹೊಗೆ ಮತ್ತು ಮಂಜು ಸೇರಿ ಎರಡೂ ಹೊತ್ತಿನ ಬೆಳಕು ಒಂದೇ ಥರ ಬೂದು ಬಣ್ಣದ್ದಾಗಿರುತ್ತದೆ ಎಂಬುದಷ್ಟೇ ನನ್ನ ಸಮರ್ಥನೆ. ಓದುವವರು ಇಲ್ಲಿಂದಲೇ ಎಚ್ಚರವಾಗಿರುವುದು ಒಳ್ಳೆಯದು. ನನಗೆ ನೆನಪಾಗುವುದೆಲ್ಲ ನಡೆದಿರುವುದಿಲ್ಲ.

ದೆಹಲಿಗೆ ಪಾಸ್‌ಪೋರ್ಟ್ ಬೇಡ. ಅದೊಂದನ್ನು ಬಿಟ್ಟರೆ ಚಿತ್ರದುರ್ಗದವನಿಗೆ ಅದು ಪರದೇಶವೇ. ನನ್ನ ಹತ್ತಿರ ಇದ್ದ ಹಿಂದಿ, ಶಾಲೆಯಲ್ಲಿದ್ದಾಗ ಪರೀಕ್ಷೆ ಕಟ್ಟಿ ಪಾಸು ಮಾಡಿದ ಹಿಂದಿ. ಅದನ್ನು ಮೂವತ್ತು ವರ್ಷ ಯಾರ ಮೇಲೂ ಪ್ರಯೋಗಿಸಿರಲಿಲ್ಲ. ನಿಲ್ದಾಣದ ಹೊರಗೆ ಮೊದಲು ಸಿಕ್ಕ ಆಟೋದವನ ಮೇಲೆ ಪ್ರಯೋಗಿಸಿದೆ.

"ಕೃಪಯಾ ಮುಝೇ ಲೋಧಿ ಕಾಲೋನಿ ಪಹುಂಚಾ ದೀಜಿಯೇ."

ಅವನು ಎಂಜಿನ್ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬಾಬೂಜೀ, ಆಪ್ ರೇಡಿಯೋ ಪೇ ಸಮಾಚಾರ್ ಪಢ್ತೇ ಹೈಂ ಕ್ಯಾ?"

ರೇಡಿಯೋದಲ್ಲಿ ವಾರ್ತೆ ಓದುವವನಲ್ಲ, ಮುದ್ರಣಾಲಯದಲ್ಲಿ ಕರಡು ತಿದ್ದುವವನು ಎಂದು ಹೇಳಲು ಬೇಕಾದ ಹಿಂದಿ ಪದ ನೆನಪಾಗುವಷ್ಟರಲ್ಲಿ ಆಟೋ ಅರ್ಧ ದಾರಿ ಬಂದಿತ್ತು.

ಲೋಧಿ ಕಾಲೋನಿ, ಎರಡು ಮನೆ

ಲೋಧಿ ಕಾಲೋನಿಯ ಸರ್ಕಾರಿ ಮನೆಗಳು ಒಂದರ ನಕಲು ಇನ್ನೊಂದು. ಅದೇ ಕಮಾನು, ಅದೇ ಬೇವಿನ ಮರ, ಅದೇ ಹಸಿರು ಬಾಗಿಲು. ನಾನು ನಂಬರು ಸರಿಯಾಗಿ ಹುಡುಕಿದೆ, ಬ್ಲಾಕು ತಪ್ಪಾಗಿ ಹುಡುಕಿದೆ. ಬಾಗಿಲು ತೆಗೆದ ಹೆಂಗಸು ನನ್ನ ಬ್ಯಾಗು ಒಳಗೆ ಇಟ್ಟುಕೊಂಡರು, ಕುರ್ಚಿ ಎಳೆದರು, ನೀರು ಕೊಟ್ಟರು, ಚಹಾ ಕೊಟ್ಟರು, ಮಠರಿ ಎಂಬ ಖಾರದ ಬಿಲ್ಲೆ ಕೊಟ್ಟರು. ಅಕ್ಕ ಎಲ್ಲಿ ಎಂದು ನಾನೂ ಕೇಳಲಿಲ್ಲ. ಕ್ಲಾಸಿಗೆ ಹೋಗಿರಬೇಕು, ಇವರು ನೆರೆಮನೆಯವರಿರಬೇಕು ಎಂದುಕೊಂಡೆ. ಲೋಟ ಖಾಲಿಯಾದ ಮೇಲೆ ಅವರು ಎದುರು ಕುಳಿತು ವಿನಯದಿಂದ ಕೇಳಿದರು: "ಅಬ್ ಬತಾಯಿಯೇ, ಆಪ್ ಕೌನ್ ಹೈಂ?" ಈಗ ಹೇಳಿ, ನೀವು ಯಾರು?

ನಮ್ಮ ಕಡೆ ಮೊದಲು ಯಾವೂರು, ಯಾರ ಪೈಕಿ, ಎಷ್ಟು ಮಕ್ಕಳು ಎಂದು ತಿಳಿದುಕೊಂಡು ಆಮೇಲೆ ನೀರು ತರುತ್ತಾರೆ. ಇಲ್ಲಿ ಹೊಟ್ಟೆ ಮೊದಲು, ಹೆಸರು ಆಮೇಲೆ. ಯಾವುದು ಹೆಚ್ಚು ಸಭ್ಯ ಎಂದು ಇನ್ನೂ ತೀರ್ಮಾನಿಸಿಲ್ಲ.

ವಿಮಲಾ ಮೇಡಂ ತಮ್ಮ ಎಂದೆ. ಅವರ ಮುಖ ಅರಳಿತು. "ಅರೇ, ಮ್ಯಾಥ್ಸ್ ವಾಲೀ ಮದ್ರಾಸಿ ಮೇಡಂ! ನಮ್ಮ ಮಗಳು ಲೆಕ್ಕದಲ್ಲಿ ಪಾಸಾದದ್ದೇ ಅವರಿಂದ" ಎಂಬರ್ಥದ ಮಾತನ್ನು ಇಡೀ ಮೆಟ್ಟಿಲಿಗೆ ಕೇಳುವಂತೆ ಹೇಳಿ, ನನ್ನ ಬ್ಯಾಗು ತಾವೇ ಹೊತ್ತು ಎರಡು ಬ್ಲಾಕು ನಡೆಸಿಕೊಂಡು ಹೋದರು. ಅಕ್ಕ ದೆಹಲಿಗೆ ಬಂದು ಇಪ್ಪತ್ತೈದು ವರ್ಷವಾದರೂ ಮದ್ರಾಸಿ ಎಂಬ ಹೆಸರು ಬಿಟ್ಟಿಲ್ಲ. ಆದರೆ ಆ ಹೆಂಗಸು ಅದನ್ನು ಹೇಳಿದ ರೀತಿಯಲ್ಲಿ ಅದೊಂದು ಬಿರುದಿನ ಹಾಗೆ ಕೇಳಿಸಿತು.

ಬಾಲ್ಕನಿ, ಬಟಾಣಿ ಸುಲಿಯುವ ಹೊತ್ತು

ಅಕ್ಕ ನನ್ನನ್ನು ಕರೆಸಿಕೊಂಡದ್ದಕ್ಕೆ ಕಾರಣವಿತ್ತು. ಫೋನಿನಲ್ಲಿ ಹೇಳಿದ್ದು ಇಷ್ಟೇ: "ಗುರುವಾರ ನಂದೊಂದು ಕ್ಲಾಸಿದೆ. ಬಂದು ಕೂತ್ಕೋ. ನಮ್ಮೋರು ಅಂತ ಒಬ್ರಿರ್ಲಿ." ಭಾವ ಇಲಾಖೆಯ ಕೆಲಸದ ಮೇಲೆ ಶಿಲ್ಲಾಂಗಿಗೆ ಹೋಗಿದ್ದರು. ಮನೆಯಲ್ಲಿ ಇದ್ದದ್ದು ಅಕ್ಕ ಮತ್ತು ಎಂ.ಎ. ಓದುವ ಅವಳ ಮಗಳು ದೀಪಾ.

ಅಕ್ಕ ಕೆಲಸ ಮಾಡುವುದು ಹುಡುಗಿಯರ ಕಾಲೇಜೊಂದರಲ್ಲಿ, ಗಣಿತ. ನಿವೃತ್ತಿಗೆ ಎರಡು ವರ್ಷವಿತ್ತು. ಆ ವರ್ಷ ಕಾಲೇಜಿಗೆ ಒಂದೇ ಒಂದು ಸ್ಮಾರ್ಟ್ ಕ್ಲಾಸ್‌ರೂಮ್ ಬಂದಿತ್ತು: ಕಂಪ್ಯೂಟರಿಗೆ ಜೋಡಿಸಿದ ಬಿಳಿಯ ಹಲಗೆ, ಸೂರಿನಿಂದ ಇಳಿಬಿದ್ದ ಪ್ರೊಜೆಕ್ಟರ್, ಸೀಮೆಸುಣ್ಣದ ಬದಲು ಬಣ್ಣವಿಲ್ಲದ ಪೆನ್ನು. ಪೆನ್ನು ಎಲ್ಲಿ ಓಡಿತೋ ಅಲ್ಲಿ ಬೆಳಕಿನ ಗೆರೆ ಮೂಡುತ್ತದೆ. ಯಾರಿಗೆ ಆ ಕೋಣೆಯಲ್ಲಿ ಪೀರಿಯಡ್ ಸಿಗಬೇಕು ಎಂದು ನಿರ್ಧರಿಸಲು ಒಂದು ಕಮಿಟಿ. ಕಮಿಟಿಯ ಮುಂದೆ ಮಾದರಿ ಪಾಠ ಮಾಡಿ ತೋರಿಸಿದವರಿಗೆ ಕೋಣೆ. ಉಳಿದವರಿಗೆ ಹಳೆಯ ಕಟ್ಟಡ. ಅಕ್ಕ ಆಗಲೇ ಒಮ್ಮೆ ಸೋತಿದ್ದಳು. ಗುರುವಾರದ್ದು ಎರಡನೆಯ ಅವಕಾಶ, ಕೊನೆಯದು ಕೂಡ.

"ಯಾಕೆ ಸೋತೆ?" ಎಂದೆ.

ಅಕ್ಕ ಬಟಾಣಿ ಸಿಪ್ಪೆಯನ್ನು ಬಹಳ ಗಮನವಿಟ್ಟು ನೋಡಿದಳು. ದೀಪಾ ತಡೆಯಲಾರದೆ ನಕ್ಕಳು. "ಮಾಮಾ, ಅಮ್ಮಾ ನೇ ಬೋರ್ಡ್ ಕೋ ಟೀಕಾ ಲಗಾ ದಿಯಾ! ಆಂಖ್ ಮೇಂ!"

"ಕನ್ನಡದಲ್ಲಿ ಹೇಳೇ."

"ಅಮ್ಮ ಬೋರ್ಡ್‌ನ ಕಣ್ಣಿಗೆ ಕುಂಕುಮ ಹಾಕಿದ್ರು."

ನಡೆದದ್ದು ಹೀಗೆ. ಆಯುಧಪೂಜೆಯ ಹಿಂದಿನ ದಿನ, ದಸರೆಯ ರಜೆ ಶುರುವಾಗುವ ಮೊದಲು, ಅಕ್ಕ ಹೊಸ ಕೋಣೆಗೆ ಹೋದಳು. ನಮ್ಮೂರಿನಲ್ಲಿ ಬಸ್ಸು, ಬೆರಳಚ್ಚು ಯಂತ್ರ, ಹೊಲಿಗೆ ಯಂತ್ರ, ನನ್ನ ಮುದ್ರಣಾಲಯದ ಅಚ್ಚುಮೊಳೆ ಜೋಡಿಸುವ ಪೆಟ್ಟಿಗೆ, ಎಲ್ಲಕ್ಕೂ ಪೂಜೆಯಾಗುತ್ತದೆ. ಇಷ್ಟು ದೊಡ್ಡ ಯಂತ್ರಕ್ಕೆ ಆಗದಿದ್ದರೆ ಹೇಗೆ? ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಇಟ್ಟು, ಒಂದು ಚೆಂಡು ಹೂ ಸಿಕ್ಕಿಸಿ, ಕೈಮುಗಿದು ಬಂದಳು. ಆ ಹಲಗೆಗೆ ಮೇಲಿನ ಎರಡು ಮೂಲೆಗಳಲ್ಲಿ ಸಣ್ಣ ಕಣ್ಣುಗಳಿವೆ, ಪೆನ್ನು ಎಲ್ಲಿದೆ ಎಂದು ಅವು ನೋಡುತ್ತಿರುತ್ತವೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ರಜೆ ಮುಗಿದು ಕಮಿಟಿಯ ಎದುರು ಪೆನ್ನು ಹಿಡಿದರೆ, ಗೆರೆ ಒಂದು ಗೇಣು ದೂರ ಮೂಡಿತು. ಅಕ್ಕ ವೃತ್ತ ಬರೆದರೆ ಹಲಗೆ ಆಲೂಗಡ್ಡೆ ಬರೆಯಿತು.

"ಖುರಾನಾ ಸರ್ ಅಂತ ಕಮಿಟಿ ಹೆಡ್ಡು. 'ಹಳೇ ಕೈಗೆ ಹೊಸ ಮಶೀನು ಬಗ್ಗಲ್ಲ, ಮೇಡಂ' ಅಂದ್ರು. ನಾನೂ ನಂಬಿದೆ ಕಣೋ ಸೀನ. ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡೆ."

ಎರಡು ದಿನದ ಮೇಲೆ ನೋಯಿಡಾದಿಂದ ಬಂದ ಎಂಜಿನಿಯರ್ ಹತ್ತಿಯಿಂದ ಮೂಲೆ ಒರೆಸಿ, ಕೆಂಪಾದ ಹತ್ತಿಯನ್ನು ಎಲ್ಲರಿಗೂ ತೋರಿಸಿದ. ಸಂಶಯ ಹೋದದ್ದು ಬೀಗದ ಕೈ ಇಟ್ಟುಕೊಂಡಿದ್ದ ಅಟೆಂಡರ್ ಶ್ಯಾಮಲಾಲನ ಮೇಲೆ. ಅವನ ಮೇಜಿನ ಮೇಲೆ ಹನುಮಂತನ ಪಟ, ಸಿಂಧೂರದ ಡಬ್ಬಿ ಇದ್ದವು. ಅವನನ್ನು ಆ ಕೋಣೆಯಿಂದ ತೆಗೆಯುವ ಮಾತು ಬಂದಾಗ, ಸ್ಟಾಫ್ ಮೀಟಿಂಗಿನಲ್ಲಿ ಅಕ್ಕ ಎದ್ದು ನಿಂತು, ಇಟ್ಟವಳು ನಾನು ಎಂದಳು. ಹೊಸ ಯಂತ್ರಕ್ಕೆ ಕುಂಕುಮ ಇಡುವುದು ನಮ್ಮ ಪದ್ಧತಿ, ಅದಕ್ಕೆ ಕಣ್ಣಿದೆ ಎಂದು ತಿಳಿಯದ್ದು ನನ್ನ ತಪ್ಪು, ಎಂದಳು.

"ನಕ್ಕರಾ?"

"ನಕ್ಕರು. ಪ್ರಿನ್ಸಿಪಾಲ್ ನಗಲಿಲ್ಲ. ಇನ್ನೊಂದು ಸಲ ಮಾಡಿ ಅಂದ್ರು."

"ಆ ಕೋಣೆ ಇಲ್ಲದಿದ್ರೆ ಏನಾಗುತ್ತೆ? ಇಷ್ಟು ವರ್ಷ ಸೀಮೆಸುಣ್ಣದಲ್ಲೇ ಮಾಡಿಲ್ವಾ?"

ಅಕ್ಕ ಸಿಟ್ಟಾದಳು. ನನ್ನ ನೆನಪಿನಲ್ಲಿ ಬಟ್ಟಲು ಕೆಳಗಿಟ್ಟಳು. ದೀಪಾಳ ಪ್ರಕಾರ ನನ್ನ ಮೇಲೆ ಬಟಾಣಿ ಎಸೆದಳು. "ಸುನೀತಾ ಅಂತ ಒಬ್ಳಿದಾಳೆ ಕ್ಲಾಸಲ್ಲಿ. ಬಹಾದುರ್‌ಗಢದ ಕಡೆಯಿಂದ ದಿನಾ ಎರಡು ಬಸ್ಸು ಹಿಡಿದು ಬರ್ತಾಳೆ. ಹಿಂದಿ ಮೀಡಿಯಂ. ನಾಲ್ಕು ತಿಂಗಳಿಂದ 'ಪ್ರೆಸೆಂಟ್ ಮ್ಯಾಮ್' ಬಿಟ್ಟು ಒಂದು ಮಾತಾಡಿಲ್ಲ. ಉತ್ತರ ತಪ್ಪಾದ ತಕ್ಷಣ ಅಳಿಸಿಬಿಡ್ತಾಳೆ. ಎಲ್ಲಿ ತಪ್ಪಿದ್ಳು ಅಂತ ಅವಳಿಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಅಂಥೋರು ಹದಿನೈದು ಜನ ಇದ್ದಾರೆ. ಆ ಹಲಗೆ ಬರೆದದ್ದನ್ನ ಬರೆದ ಹಾಗೇ ಇಟ್ಕೊಳ್ಳುತ್ತೆ, ಸೀನ. ಅಳಿಸಿದರೂ ಇಟ್ಕೊಳ್ಳುತ್ತೆ. ನನಗೆ ಅದು ಬೇಕು."

ಜೀವಮಾನವಿಡೀ ಇತರರ ತಪ್ಪು ಅಳಿಸಿ ಸಂಬಳ ತೆಗೆದುಕೊಂಡವನು ನಾನು. ಬಟಾಣಿ ಹೆಕ್ಕಿದೆ.

ಸರೋಜಿನಿ ನಗರ, ಕಾಲುಚೀಲ

ಮಂಗಳವಾರ ಇರಬೇಕು. ಸರೋಜಿನಿ ನಗರದ ಬಟ್ಟೆ ಪೇಟೆಯಲ್ಲಿ ಜನ ಸ್ವೆಟರಿನ ಗುಡ್ಡೆಯೊಳಗೆ ಮೊಣಕೈವರೆಗೆ ಕೈ ಇಳಿಸಿ ಹುಡುಕುತ್ತಾರೆ. ಅಕ್ಕನಿಗೆ ಬೇಕಾದದ್ದು ಕಾಲುಚೀಲ. ಸ್ಮಾರ್ಟ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ನವೆಂಬರಿನ ನೆಲ ಮಂಜುಗಡ್ಡೆ.

"ಭಯ್ಯಾ, ಕಪ್ಪು ಉಣ್ಣೇದು ತೋರಿಸಿ" ಎಂದು ಅಕ್ಕ ಅರ್ಧ ಕನ್ನಡದಲ್ಲೇ ಹೇಳಿದಳು. ಆತಂಕವಾದಾಗ ಅವಳ ಹಿಂದಿ ಹೀಗೆ ಕೈಕೊಡುತ್ತದೆ ಎಂದು ದೀಪಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅಂಗಡಿಯವನು ಕನ್ನಡವನ್ನು ಸಲೀಸಾಗಿ ಅರ್ಥ ಮಾಡಿಕೊಂಡು ಕಪ್ಪು ಉಣ್ಣೆಯದ್ದೇ ಕೊಟ್ಟ. ಈ ಪೇಟೆಯಲ್ಲಿ ಯಾವ ಭಾಷೆಯೂ ಪರಭಾಷೆಯಲ್ಲ.

ಬೀಗದ ಕೋಣೆ

ಬುಧವಾರ ಅಕ್ಕ ನನ್ನನ್ನು ಕಾಲೇಜಿಗೆ ಕರೆದೊಯ್ದಳು. ಐವತ್ತು ದಾಟಿದ, ಮಫ್ಲರ್ ಸುತ್ತಿದ ಶ್ಯಾಮಲಾಲ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದ. ನನ್ನ ಕಾಲನ್ನು ಮೊದಲು ನೋಡಿದ, ಮುಖವನ್ನು ಆಮೇಲೆ.

"ಜೂತೇ ಬಾಹರ್, ಸಾಬ್. ಧೂಲ್ ಸೇ ಮಶೀನ್ ಕೋ ಜುಕಾಮ್ ಹೋ ಜಾತಾ ಹೈ."

ಧೂಳಿನಿಂದ ಯಂತ್ರಕ್ಕೆ ನೆಗಡಿಯಾಗುತ್ತದೆಯಂತೆ. ಬೂಟು ಬಿಚ್ಚಿದೆ. ಒಳಗೆ ಹಲಗೆಗೆ ಹೂವಿನ ಚಿತ್ರದ ಮಂಚದ ಹೊದಿಕೆ ಹೊದಿಸಿದ್ದರು. ಕುರ್ಚಿಗಳ ಪ್ಲಾಸ್ಟಿಕ್ ಇನ್ನೂ ಹರಿದಿರಲಿಲ್ಲ. ನಮ್ಮ ಕಾಲೇಜುಗಳಲ್ಲೂ ಹೊಸ ವಸ್ತು ಬಂದರೆ ಹೀಗೇ, ಬಳಸಿದರೆ ಹಳೆಯದಾಗುತ್ತದೆ ಎಂಬ ಭಯ. ಮೂರು ತಿಂಗಳಲ್ಲಿ ಆ ಕೋಣೆಯನ್ನು ನೋಡಲು ಬಂದ ಅತಿಥಿಗಳು, ಅಲ್ಲಿ ಕಲಿತ ಹುಡುಗಿಯರಿಗಿಂತ ಹೆಚ್ಚು ಎಂದು ಅಕ್ಕ ಹೇಳಿದಳು.

ಶ್ಯಾಮಲಾಲ ಹೊದಿಕೆ ಸರಿಸಿ, ಮೇಲಿನ ಎರಡು ಮೂಲೆಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದ. "ಮೇಡಂ ಜೀ, ಕಲ್ ಆಪ್ ಬೇಫಿಕರ್ ರಹಿಯೇ. ಆಂಖೇಂ ಸಾಫ್ ಹೈಂ." ಚಿಂತೆ ಬೇಡ, ಕಣ್ಣು ಶುಭ್ರವಾಗಿವೆ. ಅಕ್ಕನ ಜೊತೆ ಅವನು ಮಾತಾಡುವಾಗ ಸ್ಟೂಲಿನಿಂದ ಎದ್ದೇ ನಿಂತಿರುತ್ತಿದ್ದ. ಪ್ರೊಫೆಸರುಗಳು ಹಾದುಹೋದಾಗ ಅರ್ಧ ಮಾತ್ರ ಏಳುತ್ತಿದ್ದ.

ಗುರುವಾರ

ಕಮಿಟಿಯಲ್ಲಿ ಪ್ರಿನ್ಸಿಪಾಲ್, ಖುರಾನಾ, ಇನ್ನಿಬ್ಬರು. ಎಲ್ಲರೂ ಕಾಲುಚೀಲದಲ್ಲಿ. ಖುರಾನಾ ಅವರದು ನೀಲಿ ಕೋಟು, ಬಂಗಾರದ ಅಂಚಿನ ಕನ್ನಡಕ, ಎಡಗಾಲಿನ ಹೆಬ್ಬೆರಳು ಚೀಲದ ಹೊರಗೆ. ದೊಡ್ಡವರನ್ನು ಬೂಟಿಲ್ಲದೆ ನೋಡಿದರೆ ಭಯ ಅರ್ಧವಾಗುತ್ತದೆ ಎಂದು ನಾನು ಬರೆದುಕೊಂಡಿದ್ದೇನೆ. ಅರ್ಧ ಉಳಿದೇ ಇತ್ತು.

ಅಕ್ಕನಿಗಿಂತ ಮೊದಲು ಬೇರೊಬ್ಬರು ಮಾದರಿ ಪಾಠ ಮಾಡಿದರು. ಭೂಗೋಳ ತಿರುಗಿತು, ಅಕ್ಷರಗಳು ಗಾಜು ಒಡೆದ ಸದ್ದಿನೊಂದಿಗೆ ಹಾರಿ ಬಂದವು. ಕಮಿಟಿ ಮೆಚ್ಚಿತು. ನಾನೂ ಮೆಚ್ಚಿದೆ, ಅಕ್ಕನ ಪಾಲಿಗೆ ಹೆದರಿದೆ.

ಅಕ್ಕ ಎದ್ದಳು. ಹಲಗೆಯ ಮೇಲೆ ಒಂದೇ ಒಂದು ಲೆಕ್ಕ ಬರೆದಳು. ನನ್ನ ಕಣ್ಣಿಗೆ ಅವಳ ಕೈ ಅಲುಗಲಿಲ್ಲ. ಗೆರೆ ಪೆನ್ನಿನ ಕೆಳಗೇ ಮೂಡಿತು. ನಂತರ ತಿರುಗಿ ಹೇಳಿದಳು: "ಸುನೀತಾ, ಆವೋ. ಕೋಯೀ ಟೋಕೇಗಾ ನಹೀಂ." ಯಾರೂ ಅಡ್ಡ ಮಾತಾಡುವುದಿಲ್ಲ.

ಐದನೆಯ ಸಾಲಿನಿಂದ ತೆಳ್ಳಗಿನ ಹುಡುಗಿಯೊಬ್ಬಳು ಎದ್ದಳು. ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಂಡಿತ್ತು. ಬರುವುದಿಲ್ಲ ಎಂದುಬಿಟ್ಟರೆ? ಅಕ್ಕನ ಉಳಿದ ಎರಡು ವರ್ಷ ಆ ಹುಡುಗಿಯ ಕಾಲಿನಲ್ಲಿತ್ತು. ಹುಡುಗಿ ಬಂದಳು. ಪೆನ್ನಿನ ತುದಿಯನ್ನು, ಸೀಮೆಸುಣ್ಣದ ಪುಡಿ ಇದ್ದ ಹಾಗೆ, ಉಫ್ ಎಂದು ಊದಿ ಬರೆಯತೊಡಗಿದಳು. ಒಂದು ಸಾಲು, ಇನ್ನೊಂದು, ಅಳಿಸಿದಳು, ಮತ್ತೆ ಬರೆದಳು. ಕೊನೆಯ ಉತ್ತರ ಬಂದಾಗ ಮುಂದಿನ ಬೆಂಚಿನಲ್ಲಿ ಪಿಸುಮಾತು ಎದ್ದಿತು. ಉತ್ತರ ತಪ್ಪಾಗಿತ್ತು. ಅದು ಅವಳಿಗೂ ತಿಳಿದು, ಎಲ್ಲವನ್ನೂ ಅಳಿಸಲು ಕೈ ಎತ್ತಿದಳು.

"ರೆಹನೇ ದೋ" ಎಂದಳು ಅಕ್ಕ. ಇರಲಿ ಬಿಡು. ಒಂದು ಗುಂಡಿ ಒತ್ತಿದಳು.

ಹಲಗೆ ಖಾಲಿಯಾಯಿತು. ಆಮೇಲೆ, ಯಾರೂ ಪೆನ್ನು ಹಿಡಿಯದೆ, ಸುನೀತಾಳ ಅದೇ ಓರೆ ಅಕ್ಷರಗಳು ಒಂದೊಂದಾಗಿ ಮೂಡತೊಡಗಿದವು. ಬರೆದ ವೇಗದಲ್ಲೇ. ನಿಂತಲ್ಲಿ ನಿಂತು, ಅಳಿಸಿದಲ್ಲಿ ಅಳಿಸಿ. ಹುಡುಗಿಯರು ಮೊದಲು ನಕ್ಕರು, ಆಮೇಲೆ ಕತ್ತು ಚಾಚಿ ನೋಡತೊಡಗಿದರು. ಮೂರನೆಯ ಸಾಲಿಗೆ ಬಂದಾಗ ನಾಲ್ಕು ತಿಂಗಳು ಮಾತಾಡದ ಹುಡುಗಿ ಕೂಗಿದಳು:

"ರುಕಿಯೇ! ಮ್ಯಾಮ್, ರುಕಿಯೇ! ಯಹೀಂ!"

ನಿಲ್ಲಿಸಿ, ಇಲ್ಲೇ! ಆವರಣ ಚಿಹ್ನೆಯ ಹೊರಗೊಂದು ಮೈನಸ್ ಇತ್ತು. ಒಳಗಿನ ಮೊದಲ ಪದಕ್ಕೆ ಅದು ತಾಗಿತ್ತು, ಎರಡನೆಯದಕ್ಕೆ ತಾಗಿರಲಿಲ್ಲ. ಎಂಟನೆಯ ತರಗತಿಯ ತಪ್ಪು. ಡಿಗ್ರಿಯವರೆಗೆ ಅವಳ ಜೊತೆ ಎರಡು ಬಸ್ಸು ಹತ್ತಿ ಬಂದಿತ್ತು.

ಖುರಾನಾ ಕನ್ನಡಕ ತೆಗೆದರು. "ವಿಮಲಾ ಜೀ, ಇತನೀ ಬಡೀ ಮಶೀನ್, ಔರ್ ಆಪ್ ಇಸ್ ಪರ್ ಬಚ್ಚೀ ಕೀ ಗಲ್ತೀ ದಿಖಾ ರಹೀ ಹೈಂ?"

ಇಷ್ಟು ದೊಡ್ಡ ಯಂತ್ರದಲ್ಲಿ ಮಗುವಿನ ತಪ್ಪು ತೋರಿಸುವುದೇ? ಅಕ್ಕ ಹೇಳಿದಳು: "ಸಹೀ ತೋ ಕಿತಾಬ್ ಮೇಂ ಭೀ ಹೈ, ಸರ್."

ಸರಿಯಾದದ್ದು ಪುಸ್ತಕದಲ್ಲೇ ಇದೆಯಲ್ಲ. ಅವಳ ಹಿಂದಿ ಕೈಕೊಡಲಿಲ್ಲ.

ಪ್ರಿನ್ಸಿಪಾಲ್ ಇತಿಹಾಸದವರು, ಲೆಕ್ಕ ಅವರಿಗೆ ಬಾರದು. ಅವರು ಹುಡುಗಿಯನ್ನೇ ಕೇಳಿದರು. "ಬುರಾ ಲಗಾ, ಬೇಟಾ?"

ಬೇಜಾರಾಯಿತೇ ಎಂಬ ಪ್ರಶ್ನೆಗೆ ಸುನೀತಾ ತುಸು ಯೋಚಿಸಿದಳು. "ಥೋಡಾ. ಪರ್ ಪೆಹಲೀ ಬಾರ್ ಪತಾ ಚಲಾ ಮೈಂ ಗಿರ್ತೀ ಕಹಾಂ ಹೂಂ."

ಸ್ವಲ್ಪ ಬೇಜಾರು, ಆದರೆ ತಾನು ಬೀಳುವುದು ಎಲ್ಲಿ ಎಂದು ಮೊದಲ ಸಲ ತಿಳಿಯಿತು. ಹಿಂದಿನ ಸಾಲಿನಿಂದ ಇನ್ನೊಂದು ದನಿ: "ಮ್ಯಾಮ್, ಮೇರಾ ಭೀ!" ನನ್ನದೂ ತೋರಿಸಿ.

ಪ್ರಿನ್ಸಿಪಾಲ್ ಖುರಾನಾ ಕಡೆ ತಿರುಗಿದರು. "ಕಲ್ ಸೇ. ಪೆಹಲಾ ಪೀರಿಯಡ್. ಲಿಖ್ ಲೀಜಿಯೇ." ನಾಳೆಯಿಂದ, ಮೊದಲ ಪೀರಿಯಡ್. ಖುರಾನಾ ಜೇಬಿನಿಂದ ಪೆನ್ನು ತೆಗೆದು ವೇಳಾಪಟ್ಟಿಯಲ್ಲಿ ಬರೆದುಕೊಂಡರು. ಹೊರಡುವಾಗ ಅಕ್ಕನ ಹತ್ತಿರ ನಿಂತು, ಆ ಗುಂಡಿ ಯಾವುದು ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅಕ್ಕ ತೋರಿಸಿದಳು.

ಇಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು ಎಂದು ನೋಟುಪುಸ್ತಕದಲ್ಲಿದೆ. ಯಾರೂ ತಟ್ಟಲಿಲ್ಲ ಎನ್ನುತ್ತಾಳೆ ಅಕ್ಕ. ಆ ಸಾಲನ್ನು ಹೊಡೆದುಹಾಕಿದ್ದೇನೆ. ಓದಲು ಬರುವಂತೆ, ಒಂದೇ ಗೆರೆ ಎಳೆದು.

ಗುರುವಾರ, ಇನ್ನೊಮ್ಮೆ

ಸಂಜೆ ಅಕ್ಕ ಆ ಪಾಠದ ಫೈಲನ್ನು ಪೆನ್ ಡ್ರೈವಿನಲ್ಲಿ ಮನೆಗೆ ತಂದಳು. ದೀಪಾಳ ಕಂಪ್ಯೂಟರಿನಲ್ಲಿ ನೋಡಿದೆವು. ಅದರಲ್ಲಿ ದನಿಯಿಲ್ಲ, ಮುಖವಿಲ್ಲ, ಗೆರೆಗಳು ಮಾತ್ರ. ಮೊದಲು ಮೂಡಿದ್ದು ಅಕ್ಕ ಬರೆದ ಲೆಕ್ಕ. ಉದ್ದನೆಯ ಇಂಟಿಗ್ರೇಷನ್ ಚಿಹ್ನೆಯ ಬೆನ್ನು ಸಣ್ಣ ಸಣ್ಣ ಅಲೆಯಾಗಿ ಇಳಿಯಿತು. ನಿಂತಿತು. ಅಳಿಸಿಹೋಯಿತು. ಮತ್ತೆ ಇಳಿಯಿತು, ಮತ್ತೆ ಅಲೆಯಾಗಿ.

"ಅಮ್ಮಾ, ಯೇ ಕ್ಯಾ? ಕೈ ನಡುಗಿದ್ಯಾ?"

"ನಡುಗದೆ ಏನು? ಗೆರೆ ಮತ್ತೆ ಗೇಣು ದೂರ ಹೋದ್ರೆ ಅಂತ ಜೀವ ಬಾಯಿಗೆ ಬಂದಿತ್ತು."

ನಾನು ಕೊನೆಯ ಬೆಂಚಿನಲ್ಲಿ ಕೂತು ಕಣ್ಣಾರೆ ನೋಡಿ, ಅಲುಗಲಿಲ್ಲ ಎಂದು ಮನಸ್ಸಿನಲ್ಲಿ ಬರೆದುಕೊಂಡದ್ದು ಸುಳ್ಳು. ಹೆದರದ ಅಕ್ಕನ ಬಗ್ಗೆ ಮಧ್ಯಾಹ್ನವೆಲ್ಲ ಹೆಮ್ಮೆಪಟ್ಟಿದ್ದೆ. ಆ ಅಕ್ಕ ಇರಲೇ ಇಲ್ಲ. ಇದ್ದವಳು ನಡುಗುತ್ತ, ಅಳಿಸಿ, ಮತ್ತೆ ಬರೆದು, ಆಮೇಲೆ ಪೆನ್ನನ್ನು ತನಗಿಂತ ಹೆಚ್ಚು ಹೆದರಿದವಳ ಕೈಗೆ ಕೊಟ್ಟವಳು. ನನ್ನ ಹೆಮ್ಮೆ ಕರಗಲಿಲ್ಲ; ಕೂತ ಜಾಗ ಬದಲಾಯಿಸಿತು.

"ಇನ್ನೊಂದು ಸಲ ಹಾಕೇ" ಎಂದೆ ದೀಪಾಗೆ.

"ಮಾಮಾ, ಬಸ್, ಸಾಕು! ಐದನೇ ಸಲ!"

ಶುಕ್ರವಾರ, ಮೊದಲ ಪೀರಿಯಡ್

ನನ್ನ ರೈಲು ಮಧ್ಯಾಹ್ನಕ್ಕಿತ್ತು. ಅದಕ್ಕೆ ಮೊದಲು ಒಮ್ಮೆ ನೋಡಿ ಹೋಗೋಣವೆಂದು ಕಾಲೇಜಿಗೆ ಹೋದೆ. ಶ್ಯಾಮಲಾಲನ ಸ್ಟೂಲಿನ ಸುತ್ತ ಹುಡುಗಿಯರ ಚಪ್ಪಲಿಗಳು ಮೆಟ್ಟಿಲಿನವರೆಗೆ ಹರಡಿದ್ದವು. ಅವನು ಅವನ್ನು ಜೋಡಿ ಜೋಡಿಯಾಗಿ ಗೋಡೆಗೆ ಸೇರಿಸುತ್ತ, ಇದು ತನ್ನ ಕೆಲಸವಲ್ಲ ಎಂದು ಯಾರಿಗೂ ಅಲ್ಲದೆ ಗೊಣಗುತ್ತಿದ್ದ. ಬೂಟು ಬಿಚ್ಚಿ ಒಳಗೆ ಹೋದೆ.

ಅಕ್ಕ ಹಲಗೆಯ ಹತ್ತಿರ ಇರಲಿಲ್ಲ. ಕೊನೆಯ ಬೆಂಚಿನಲ್ಲಿ ಇಬ್ಬರು ಹುಡುಗಿಯರ ನಡುವೆ ಕೂತಿದ್ದಳು. ಒಬ್ಬ ಹುಡುಗಿ ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿದ್ದಳು. ಗುಂಡಿಯ ಹತ್ತಿರ ಸುನೀತಾ ನಿಂತಿದ್ದಳು. ಹಲಗೆಯಿಂದ ಬಾಗಿಲಿನವರೆಗೆ, ಗೋಡೆಗುಂಟ, ಒಬ್ಬರ ಹಿಂದೆ ಒಬ್ಬರು ಸಾಲು ನಿಂತಿದ್ದರು. ದೆಹಲಿಯಲ್ಲಿ ಆ ಐದು ದಿನ ಬಸ್ಸಿಗೂ ಹಾಲಿಗೂ ಯಾರೂ ಸಾಲು ನಿಂತದ್ದನ್ನು ನಾನು ನೋಡಿರಲಿಲ್ಲ. ಇಲ್ಲಿ ತಪ್ಪು ಮಾಡಲು ನಿಂತಿದ್ದರು.

ಎಷ್ಟು ಜನ ಎಂದು ಎಣಿಸಲಿಲ್ಲ. ಅಕ್ಕನನ್ನು ಆಮೇಲೂ ಕೇಳಲಿಲ್ಲ. ಇದೊಂದನ್ನು ಯಾರಿಂದಲೂ ತಿದ್ದಿಸಿಕೊಳ್ಳುವ ಮನಸ್ಸಿಲ್ಲ.

ನನ್ನ ಬೆನ್ನ ಹಿಂದೆ ತಡವಾಗಿ ಬಂದ ಹುಡುಗಿಯೊಬ್ಬಳು, ಏದುಸಿರು ಬಿಡುತ್ತ, ನನ್ನ ತೋಳು ಮುಟ್ಟಿದಳು.

"ಅಂಕಲ್, ಆಪ್ ಲೈನ್ ಮೇಂ ಹೈಂ ಕ್ಯಾ?"

ಸಾಲಿನಲ್ಲಿಲ್ಲ ಎಂದು ಪಕ್ಕಕ್ಕೆ ಸರಿಯಲು ನನಗೆ ತುಸು ಹೊತ್ತು ಹಿಡಿಯಿತು.